ಜಾಮ್ ಆದ ಔಟ್‌ಬೋರ್ಡ್ ಮೋಟರಿಗೆ ಮರುಜೀವ: ಮೊದಲ ಬಾರಿ ಕೈಹಾಕುವವರಿಗೆ ಕೈಪಿಡಿ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. 10 ಅಶ್ವಶಕ್ತಿಗಿಂತ ಹೆಚ್ಚಿನ ಮೋಟರ್ ಕಟ್ಟಿದ ದೋಣಿಗಳೂ ಆಗ ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಎಷ್ಟೋ ಔಟ್‌ಬೋರ್ಡ್ ಮೋಟರುಗಳು ಶೆಡ್ಡಿನ ಮೂಲೆಯಲ್ಲಿ ಉಪ್ಪುಗಾಳಿ ಕುಡಿಯುತ್ತ, ಮಳೆಗಾಲದ ತೇವದಲ್ಲಿ ನಿಂತಿರುತ್ತವೆ. ಆಗಸ್ಟಿನಲ್ಲಿ ಹೊರತೆಗೆದು ಹಗ್ಗ ಎಳೆದರೆ ಕೆಲವು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಇನ್ನು ಕೆಲವು ನಡುಗಡಲಲ್ಲೇ ಬಿಸಿಯಾಗಿ, ಸದ್ದು ಬದಲಾಗಿ, ಒಮ್ಮೆಲೇ ನಿಂತುಬಿಡುತ್ತವೆ. ಎರಡಕ್ಕೂ ನಾವು ಹೇಳುವ ಮಾತು ಒಂದೇ: ಎಂಜಿನ್ ಜಾಮ್ ಆಗಿದೆ.

ಹಾಗಾದ ಮೋಟರನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಬೇಕು. ನಾಡದೋಣಿಗಳಲ್ಲಿ ಹೆಚ್ಚಾಗಿ ಕಾಣುವ 8ರಿಂದ 10 ಅಶ್ವಶಕ್ತಿಯ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಮೋಟರಿನ ರಚನೆ ಸರಳ. ಇದರಲ್ಲಿ ಕ್ಯಾಮ್ ಇಲ್ಲ, ಕ್ಯಾಮಿನಿಂದ ತೆರೆದು ಮುಚ್ಚುವ ವಾಲ್ವ್ ಇಲ್ಲ, ಟೈಮಿಂಗ್ ಚೈನೂ ಇಲ್ಲ. ತಾಳ್ಮೆಯಿಂದ ಸ್ಪ್ಯಾನರ್ ಹಿಡಿಯಬಲ್ಲ ಯಾರು ಬೇಕಾದರೂ ಇದನ್ನು ಕಲಿಯಬಹುದು. ಆದರೆ ಒಂದು ಮಾತನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ. ಹಿಡಿದುಕೊಂಡ ಪಿಸ್ಟನ್ನನ್ನು ಬಿಡಿಸಿದರೆ ಅರ್ಧ ಕೆಲಸವಷ್ಟೇ ಆಯಿತು. ಅದು ಯಾಕೆ ಹಿಡಿಯಿತು ಎಂದು ಪತ್ತೆಹಚ್ಚಿ ಆ ಕಾರಣವನ್ನು ನಿವಾರಿಸದಿದ್ದರೆ, ಹೊಸದಾಗಿ ಹಾಕಿದ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತದೆ.

ನಿಜವಾಗಿ ಜಾಮ್ ಆಗಿರುವುದು ಯಾವುದು?

ಹಗ್ಗ ಬರುತ್ತಿಲ್ಲ ಎಂದ ಮಾತ್ರಕ್ಕೆ ಪಿಸ್ಟನ್ ಹಿಡಿದಿದೆ ಎಂದು ತೀರ್ಮಾನಿಸಬೇಡಿ. ಒಂದೊಂದಾಗಿ ಪರೀಕ್ಷಿಸುತ್ತ ಹೋಗಿ.

1. ಗೇರ್ ನ್ಯೂಟ್ರಲ್‌ನಲ್ಲಿದೆಯೇ ನೋಡಿ. ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗದಂತೆ ಹಗ್ಗವನ್ನೇ ತಡೆಯುವ ಲಾಕ್ ಹಲವು ಮೋಟರುಗಳಲ್ಲಿ ಇರುತ್ತದೆ. ಅದರ ಕೇಬಲ್ ತುಕ್ಕು ಹಿಡಿದಿದ್ದರೂ ಹಗ್ಗ ಬರುವುದಿಲ್ಲ.

2. ಮೇಲಿನ ಕವರ್ ತೆಗೆದು, ಹಗ್ಗ ಸುತ್ತಿಕೊಳ್ಳುವ ಸ್ಟಾರ್ಟರ್ ಭಾಗವನ್ನೇ ಬಿಚ್ಚಿ ಪಕ್ಕಕ್ಕಿಡಿ. ಈಗ ಫ್ಲೈವೀಲನ್ನು ಕೈಯಿಂದ ತಿರುಗಿಸಿ. ತಿರುಗಿದರೆ ತೊಂದರೆ ಇದ್ದದ್ದು ಸ್ಟಾರ್ಟರಿನಲ್ಲಿ, ಎಂಜಿನ್ನಿನಲ್ಲಿ ಅಲ್ಲ.

3. ಆಗಲೂ ತಿರುಗದಿದ್ದರೆ ಎರಡು ಸ್ಪಾರ್ಕ್ ಪ್ಲಗ್‌ಗಳನ್ನೂ ಬಿಚ್ಚಿ ಮತ್ತೆ ಪ್ರಯತ್ನಿಸಿ. ಸಿಲಿಂಡರಿನಲ್ಲಿ ನೀರು ಅಥವಾ ಇಂಧನ ತುಂಬಿಕೊಂಡಿದ್ದರೆ ಪಿಸ್ಟನ್ ಮೇಲೇರಲಾರದು. ಪ್ಲಗ್ ತೆಗೆದು ತಿರುಗಿಸಿದ ಕೂಡಲೇ ಅದು ಹೊರಗೆ ಚಿಮ್ಮುತ್ತದೆ.

4. ಇನ್ನೂ ಹಿಡಿದಿದ್ದರೆ ಕೆಳಗಿನ ಗೇರ್‌ಕೇಸನ್ನು ಇಳಿಸಿ. ಗೇರ್ ಬದಲಿಸುವ ಕಡ್ಡಿಯ ಜೋಡಣೆ ಕಳಚಿ, ಮೋಟರಿನ ಕಾಲಿಗೆ (ಎಂಜಿನ್ನಿಗೂ ಗೇರ್‌ಕೇಸಿಗೂ ನಡುವಿನ ಉದ್ದ ಭಾಗಕ್ಕೆ) ಹಿಡಿದ ಬೋಲ್ಟುಗಳನ್ನು ಬಿಚ್ಚಿದರೆ ಡ್ರೈವ್ ಶಾಫ್ಟ್ ಸಮೇತ ಅದು ಕೆಳಗೆ ಬರಬೇಕು. ಈಗ ಫ್ಲೈವೀಲ್ ತಿರುಗಿದರೆ ಜಾಮ್ ಆಗಿರುವುದು ಗೇರ್‌ಕೇಸ್. ಆಯಿಲ್ ಸೀಲ್ ಹೋಗಿ ಗೇರ್ ಆಯಿಲಿಗೆ ನೀರು ಸೇರಿ ಬೇರಿಂಗ್ ತುಕ್ಕು ಹಿಡಿದಿರಬಹುದು.

ಬೋಲ್ಟು ಬಿಚ್ಚಿದ ಮೇಲೂ ಗೇರ್‌ಕೇಸ್ ಇಳಿಯದಿದ್ದರೆ ಗಾಬರಿ ಬೇಡ. ಡ್ರೈವ್ ಶಾಫ್ಟಿನ ತುದಿಯ ಹಲ್ಲುಗಳು ಕ್ರ್ಯಾಂಕಿನ ಒಳಗೆ ಉಪ್ಪು ಹಿಡಿದು ಕಚ್ಚಿಕೊಳ್ಳುವುದು ಕಡಲ ಮೋಟರುಗಳಲ್ಲಿ ಮಾಮೂಲು. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಮರದ ಸುತ್ತಿಗೆಯಿಂದ ಎರಡೂ ಬದಿಗೆ ಸಮನಾಗಿ ತಟ್ಟುತ್ತ ಇಳಿಸಿ. ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಅಲ್ಯೂಮಿನಿಯಂ ಅಂಚು ಮುರಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಫ್ಲೈವೀಲ್ ಅಲ್ಲಾಡದಿದ್ದರೆ ಮಾತ್ರ ತೊಂದರೆ ಎಂಜಿನ್ನಿನ ಒಳಗಿದೆ ಎಂದರ್ಥ.

ಬಿಚ್ಚುವ ಮೊದಲಿನ ತಯಾರಿ

ಮೋಟರಿನ ಕ್ಲ್ಯಾಂಪ್ ಬ್ರ್ಯಾಕೆಟ್ ಮೇಲೆ ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆಯ ಪಟ್ಟಿ ಇರುತ್ತದೆ. ಅದನ್ನು ಬರೆದುಕೊಳ್ಳಿ, ಫೋಟೊ ತೆಗೆದುಕೊಳ್ಳಿ. ಬಿಡಿಭಾಗ ಕೊಳ್ಳುವಾಗ "8 ಎಚ್‌ಪಿ ಮೋಟರಿನ ಪಿಸ್ಟನ್ ಕೊಡಿ" ಎಂದರೆ ಸಾಲದು. ಒಂದೇ ಶಕ್ತಿಯ ಪೆಟ್ರೋಲ್ ಮೋಟರಿಗೂ ಸೀಮೆಎಣ್ಣೆ ಮೋಟರಿಗೂ ಭಾಗಗಳು ಬೇರೆ ಇರಬಹುದು. ಆ ಮಾಡೆಲಿನ ಸರ್ವಿಸ್ ಮ್ಯಾನ್ಯುಯಲ್ ಮತ್ತು ಬಿಡಿಭಾಗಗಳ ಚಿತ್ರಪಟ್ಟಿಯನ್ನು ಮೊದಲೇ ಸಂಪಾದಿಸಿಕೊಳ್ಳಿ. ಈ ಲೇಖನದಲ್ಲಿ ಕೊಟ್ಟಿರುವ ಅಳತೆಗಳು ಅಂದಾಜಿಗೆ. ನಿಮ್ಮ ಮೋಟರಿಗೆ ಕೊನೆಯ ಮಾತು ಅದರ ಮ್ಯಾನ್ಯುಯಲ್‌ನದು.

ಬೇಕಾಗುವ ಸಾಮಾನು:

- 8, 10, 12, 13, 14, 17 ಮಿ.ಮೀ. ರಿಂಗ್ ಮತ್ತು ಬಾಕ್ಸ್ ಸ್ಪ್ಯಾನರ್‌ಗಳು, ಪ್ಲಗ್ ಸ್ಪ್ಯಾನರ್
- ಸುತ್ತಿಗೆಯಿಂದ ಹೊಡೆದು ಸ್ಕ್ರೂ ಸಡಿಲಿಸುವ ಇಂಪ್ಯಾಕ್ಟ್ ಡ್ರೈವರ್
- ಟಾರ್ಕ್ ರೆಂಚ್
- ಬೋಲ್ಟು ಹಾಕಿ ಎತ್ತುವ ಬಗೆಯ ಫ್ಲೈವೀಲ್ ಪುಲ್ಲರ್
- ಫೀಲರ್ ಗೇಜ್, ಸರ್ಕ್ಲಿಪ್ ಪ್ಲೈಯರ್, ಮರದ ಸುತ್ತಿಗೆ
- ತುಕ್ಕು ಬಿಡಿಸುವ ಎಣ್ಣೆ, ಮೆರೈನ್ ಗ್ರೀಸ್
- ಬೋಲ್ಟುಗಳನ್ನು ಬೇರೆಬೇರೆಯಾಗಿ ಇಡಲು ಡಬ್ಬಿಗಳು, ಹೆಸರು ಬರೆಯಲು ಟೇಪು

ಒಂದೊಂದು ಭಾಗ ಬಿಚ್ಚುವಾಗಲೂ ಫೋಟೊ ತೆಗೆಯಿರಿ. ವಯರ್ ಯಾವ ಕಡೆಯಿಂದ ಹೋಗಿತ್ತು, ಹೋಸ್ ಯಾವ ತುದಿಗೆ ಸೇರಿತ್ತು ಎಂಬುದು ಎರಡು ವಾರದ ನಂತರ ಯಾರಿಗೂ ನೆನಪಿರುವುದಿಲ್ಲ. ಸಿಲಿಂಡರ್ ಹೆಡ್ಡಿನ ಬೋಲ್ಟುಗಳನ್ನು ಒಂದು ರಟ್ಟಿನ ಮೇಲೆ ಹೆಡ್ಡಿನ ಆಕಾರ ಬರೆದು ಅದೇ ಜಾಗದಲ್ಲಿ ಚುಚ್ಚಿಟ್ಟರೆ ಉದ್ದ ಗಿಡ್ಡ ಅದಲುಬದಲಾಗುವುದಿಲ್ಲ.

ಸುರಕ್ಷತೆಯ ಬಗ್ಗೆ ಎರಡು ಮಾತು. ಟ್ಯಾಂಕು, ಕಾರ್ಬುರೇಟರ್, ಹೋಸ್‌ಗಳಲ್ಲಿನ ಇಂಧನವನ್ನೆಲ್ಲ ಖಾಲಿ ಮಾಡಿ ದೂರ ಇಡುವವರೆಗೆ ಹತ್ತಿರ ಬೆಂಕಿ ಬೇಡ. ಮೋಟರನ್ನು ಗೋಡೆಗೆ ಒರಗಿಸಿ ಕೆಲಸ ಮಾಡಬೇಡಿ; ದಪ್ಪ ಹಲಗೆಯ ಸ್ಟ್ಯಾಂಡ್ ಮಾಡಿ ಅದಕ್ಕೆ ಭದ್ರವಾಗಿ ಕಟ್ಟಿ.

ನೆನೆಸುವುದು: ಆತುರ ಇಲ್ಲದ ಕೆಲಸ

ನಿಂತಲ್ಲೇ ತುಕ್ಕು ಹಿಡಿದು ಜಾಮ್ ಆದ ಮೋಟರಿನಲ್ಲಿ ಪಿಸ್ಟನ್ನಿನ ಉಕ್ಕಿನ ಅಥವಾ ಎರಕದ ಕಬ್ಬಿಣದ ರಿಂಗುಗಳು ಸಿಲಿಂಡರಿನ ಎರಕದ ಕಬ್ಬಿಣದ ಗೋಡೆಗೆ ಅಂಟಿಕೊಂಡಿರುತ್ತವೆ. ಅದಕ್ಕೆ ಮದ್ದು ಎಣ್ಣೆ ಮತ್ತು ಸಮಯ. ಪ್ಲಗ್ ತೂತಿನಿಂದ ಪ್ರತಿ ಸಿಲಿಂಡರಿಗೂ ತುಕ್ಕು ಬಿಡಿಸುವ ಎಣ್ಣೆ ಸುರಿಯಿರಿ. ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್ ಮತ್ತು ಅಸಿಟೋನನ್ನು ಸಮಪಾಲು ಬೆರೆಸಿ ಬಳಸುವುದೂ ಮೆಕ್ಯಾನಿಕ್‌ಗಳಲ್ಲಿ ರೂಢಿಯಲ್ಲಿದೆ. ಅಸಿಟೋನ್ ಬೇಗ ಬೆಂಕಿ ಹಿಡಿಯುವ ದ್ರವ. ಬಯಲಿನಲ್ಲಿ, ಕೈಗವಸು ಹಾಕಿಕೊಂಡು ಬೆರೆಸಿ. ಏನೂ ಸಿಗದಿದ್ದರೆ ಡೀಸೆಲ್ ಆದರೂ ನಡೆಯುತ್ತದೆ, ಆದರೆ ನಿಧಾನ.

ಔಟ್‌ಬೋರ್ಡ್ ಮೋಟರಿನಲ್ಲಿ ಸಿಲಿಂಡರುಗಳು ಅಡ್ಡ ಮಲಗಿರುತ್ತವೆ. ಮೋಟರ್ ನೆಟ್ಟಗಿದ್ದರೆ ಎಣ್ಣೆ ಸಿಲಿಂಡರಿನ ಕೆಳಬದಿಯಲ್ಲಷ್ಟೇ ನಿಲ್ಲುತ್ತದೆ. ಪ್ಲಗ್ ತೂತು ಮೇಲಕ್ಕೆ ಬರುವಂತೆ ಮೋಟರನ್ನು ಮಲಗಿಸಿದರೆ ಎಣ್ಣೆ ಪಿಸ್ಟನ್ನಿನ ಸುತ್ತಲೂ ಇಳಿಯುತ್ತದೆ. ಒಂದೆರಡು ದಿನ ಬಿಟ್ಟು, ಎಣ್ಣೆ ಇಳಿದಿದ್ದರೆ ಮತ್ತೆ ಹಾಕಿ. ಒಂದು ವಾರ ಕಾಯಬೇಕಾದರೂ ಕಾಯಿರಿ.

ನಂತರ ಫ್ಲೈವೀಲ್ ನಟ್ಟಿಗೆ ಉದ್ದ ಹಿಡಿಕೆಯ ಬಾಕ್ಸ್ ಸ್ಪ್ಯಾನರ್ ಹಾಕಿ, ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳು ಚಲಿಸುವ ದಿಕ್ಕಿಗೆ ಮೆಲ್ಲನೆ ಒತ್ತಿ. ಹೆಚ್ಚಿನ ಮೋಟರುಗಳು ತಿರುಗುವುದೂ ಅದೇ ದಿಕ್ಕಿಗೆ. ಎದುರು ದಿಕ್ಕಿಗೆ ಒತ್ತಿದರೆ ನಟ್ಟೇ ಬಿಚ್ಚಿಕೊಳ್ಳುತ್ತದೆ. ಆ ಕಡೆಗೆ ತಿರುಗಿಸಲು ಫ್ಲೈವೀಲನ್ನೇ ಸುತ್ತಿ ಹಿಡಿಯುವ ಪಟ್ಟಿಯ ಸ್ಪ್ಯಾನರ್ ಬಳಸಿ. ಗೇರ್‌ಕೇಸ್ ಇಳಿಸಿರುವುದರಿಂದ ಎರಡೂ ದಿಕ್ಕಿಗೆ ಅಲ್ಲಾಡಿಸಿದರೂ ನೀರಿನ ಪಂಪಿಗೆ ತೊಂದರೆ ಇಲ್ಲ. ಕೂದಲೆಳೆಯಷ್ಟು ಸರಿದರೂ ನಿಲ್ಲಿಸಿ, ಮತ್ತೆ ಎಣ್ಣೆ ಹಾಕಿ, ಹಿಂದೆ ಮುಂದೆ ಅಲ್ಲಾಡಿಸುತ್ತ ಹೋಗಿ. ಹಿಡಿಕೆಗೆ ಪೈಪ್ ಸಿಕ್ಕಿಸಿ ಜೋತುಬೀಳುವುದು, ಫ್ಲೈವೀಲಿನ ಹಲ್ಲಿಗೆ ಕಬ್ಬಿಣ ಕೊಟ್ಟು ಮೀಟುವುದು, ಹಗ್ಗ ಕಟ್ಟಿ ನಾಲ್ಕು ಜನ ಎಳೆಯುವುದು ಖಂಡಿತ ಬೇಡ. ಕನೆಕ್ಟಿಂಗ್ ರಾಡ್ ಬಾಗಿದರೆ ಉಳಿಸಬಹುದಾಗಿದ್ದ ಮೋಟರ್ ಕೈತಪ್ಪುತ್ತದೆ.

ತಿರುಗತೊಡಗಿದ ಕೂಡಲೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ ನೋಡುವ ಆಸೆಯಾಗುತ್ತದೆ. ಅದನ್ನು ಗೆಲ್ಲಬೇಕು. ತುಕ್ಕಿನ ಪುಡಿ ಒಳಗಿರುವಾಗ ಓಡಿಸಿದರೆ ಸಿಲಿಂಡರ್ ಮತ್ತು ಬೇರಿಂಗ್ ಎರಡನ್ನೂ ಅದು ಉಜ್ಜಿ ತಿನ್ನುತ್ತದೆ. ಬಿಚ್ಚಿ ನೋಡಲೇಬೇಕು.

ಬಿಚ್ಚುವ ಕ್ರಮ

ಫ್ಲೈವೀಲನ್ನು ಪುಲ್ಲರಿನಿಂದಲೇ ತೆಗೆಯಿರಿ. ಅದರ ಮೇಲ್ಮೈಯಲ್ಲಿ ಮರೆ (ಥ್ರೆಡ್) ಇರುವ ತೂತುಗಳಿಗೆ ಬೋಲ್ಟು ಹಾಕಿ, ನಡುವಿನ ಸ್ಕ್ರೂ ಬಿಗಿದರೆ ಅದು ಕೋನಾಕಾರದ ಶಾಫ್ಟಿನಿಂದ ಸಡಿಲುತ್ತದೆ. ಕ್ರ್ಯಾಂಕಿನ ತುದಿಗೆ ಸುತ್ತಿಗೆ ಬೀಸಬೇಡಿ. ಫ್ಲೈವೀಲಿನ ಒಳಗಿನ ಅಯಸ್ಕಾಂತಗಳು ಪೆಟ್ಟಿಗೆ ಒಡೆಯುತ್ತವೆ. ಶಾಫ್ಟಿನಲ್ಲಿ ಕೂರುವ ಚಿಕ್ಕ ಅರ್ಧಚಂದ್ರಾಕಾರದ ಕೀ ಜೋಪಾನ. ಅದು ಸವೆದಿದ್ದರೆ ಕಿಡಿಯ ಹೊತ್ತು ತಪ್ಪುತ್ತದೆ, ಹೊಸದನ್ನೇ ಹಾಕಬೇಕು.

ಮುಂದೆ ಇಗ್ನಿಷನ್ ಕಾಯಿಲ್‌ಗಳು, ಕಾರ್ಬುರೇಟರ್, ಫ್ಯುಯೆಲ್ ಪಂಪ್ ಕಳಚಿ. ಕೊನೆಗೆ ಎಂಜಿನ್ನನ್ನು ಕಾಲಿಗೆ ಬಂಧಿಸಿರುವ ಬೋಲ್ಟುಗಳನ್ನು ಕೆಳಗಿನಿಂದ ಬಿಚ್ಚಿ ಎಂಜಿನ್ ಬ್ಲಾಕನ್ನು ಮೇಜಿನ ಮೇಲಿಡಿ.

ಹೊಸಬರಿಗೆ ಹೆಚ್ಚು ಕಷ್ಟ ಕೊಡುವುದು ಪಿಸ್ಟನ್ನಿಗಿಂತ ಈ ಬೋಲ್ಟುಗಳೇ. ಉಕ್ಕಿನ ಬೋಲ್ಟು, ಅಲ್ಯೂಮಿನಿಯಂ ಬ್ಲಾಕು, ನಡುವೆ ಉಪ್ಪುನೀರು ಸೇರಿದರೆ ಬೋಲ್ಟಿನ ಸುತ್ತ ಬಿಳಿ ಪುಡಿ ಕಟ್ಟಿ ಕಲ್ಲಾಗುತ್ತದೆ. ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಚುರುಕಾಗಿ ಎರಡು ಪೆಟ್ಟು ಕೊಡಿ. ಎಣ್ಣೆ ಹಾಕಿ ಕಾಯಿರಿ. ಬಿಚ್ಚುವ ಮೊದಲು ಸ್ವಲ್ಪ ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಸಡಿಲಿಸಿ. ಮಣಿಯದಿದ್ದರೆ ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಂ ಭಾಗವನ್ನು ಬ್ಲೋ ಟಾರ್ಚಿನಿಂದ ಬಿಸಿ ಮಾಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಹಿಡಿತ ಸಡಿಲುತ್ತದೆ. ಒಂದು ವೇಳೆ ಬೋಲ್ಟು ಮುರಿದರೆ ನೀವೇ ಡ್ರಿಲ್ ಹಿಡಿಯುವ ಬದಲು ಲೇತ್ ವರ್ಕ್‌ಶಾಪಿಗೆ ಒಯ್ಯಿರಿ. ತೂತು ಓರೆಯಾದರೆ ಸರಿಪಡಿಸುವುದು ಬಲು ಕಷ್ಟ.

ಹೆಡ್ಡಿನ ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಚ್ಚದೆ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿ. ಇಲ್ಲದಿದ್ದರೆ ಹೆಡ್ ಸೊಟ್ಟಗಾಗುತ್ತದೆ. ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳನ್ನು ಬೇರ್ಪಡಿಸಲು ತಯಾರಕರೇ ಮೀಟುವ ಜಾಗ ಬಿಟ್ಟಿರುತ್ತಾರೆ; ಅಲ್ಲಿ ಮಾತ್ರ ಮೀಟಿ. ಪಿಸ್ಟನ್ ಇನ್ನೂ ಹಿಡಿದಿದ್ದರೆ ಅದರ ತಲೆಯ ಮೇಲೆ ಸಿಲಿಂಡರಿನ ಅಳತೆಗೆ ಕೊಂಚ ಕಡಿಮೆ ಇರುವ ಗಟ್ಟಿ ಮರದ ತುಂಡಿಟ್ಟು ತಟ್ಟಿ. ಕಬ್ಬಿಣ ತಾಗಿಸಬೇಡಿ.

ಪಿಸ್ಟನ್ ಹೇಳುವ ಕಥೆ

ಇಡೀ ಕೆಲಸದ ತಿರುಳು ಇಲ್ಲಿದೆ. ಪಿಸ್ಟನ್, ರಿಂಗ್, ಸಿಲಿಂಡರುಗಳನ್ನು ತೊಳೆಯುವ ಮೊದಲು ಹಗಲಿನ ಬೆಳಕಿನಲ್ಲಿಟ್ಟು ನೋಡಿ. ತೊಳೆದ ಮೇಲೆ ಅರ್ಧ ಸಾಕ್ಷ್ಯ ಅಳಿಸಿಹೋಗುತ್ತದೆ.

ತುಕ್ಕಿನ ಗೆರೆ. ಸಿಲಿಂಡರಿನಲ್ಲಿ ರಿಂಗು ನಿಂತಿದ್ದ ಜಾಗದಲ್ಲಿ ಕೆಂಪು ಉಂಗುರ ಕಂಡು, ಪಿಸ್ಟನ್ನಿನ ಮೈ ನುಣುಪಾಗಿಯೇ ಇದ್ದರೆ, ನೀರು ಅಥವಾ ತೇವ ಒಳಹೊಕ್ಕು ನಿಂತಿತ್ತು ಎಂದರ್ಥ. ನೀರು ಬಂದದ್ದು ಎಲ್ಲಿಂದ? ಹೆಡ್ ಗ್ಯಾಸ್ಕೆಟ್ ಹೋಗಿದೆಯೇ, ಎಕ್ಸಾಸ್ಟ್ ಕವರಿನ ಒಳಗೋಡೆ ತುಕ್ಕು ತಿಂದು ತೂತಾಗಿದೆಯೇ ಎಂದು ಹುಡುಕಿ.

ಎಕ್ಸಾಸ್ಟ್ ಬದಿಯಲ್ಲಿ ಉದ್ದುದ್ದ ಗೀರು. ಟೂ-ಸ್ಟ್ರೋಕ್ ಪಿಸ್ಟನ್ನಿನಲ್ಲಿ ಹೆಚ್ಚು ಬಿಸಿಯಾಗುವುದು ಎಕ್ಸಾಸ್ಟ್ ಕಡೆಯೇ. ಎಣ್ಣೆ ಕಡಿಮೆಯಾದರೆ ಅಥವಾ ಶಾಖ ಮಿತಿಮೀರಿದರೆ ಮೊದಲ ಗೀರು ಬೀಳುವುದೂ ಅಲ್ಲೇ.

ಸುತ್ತ ನಾಲ್ಕು ಕಡೆ ಗೀರು. ಪಿಸ್ಟನ್ ಸಿಲಿಂಡರಿಗಿಂತ ಬೇಗ ಹಿಗ್ಗಿದ್ದರ ಗುರುತು ಇದು. ತಣ್ಣಗಿನ ಮೋಟರನ್ನು ಒಮ್ಮೆಲೇ ಪೂರ್ತಿ ವೇಗಕ್ಕೆ ಏರಿಸಿದರೆ, ತಂಪಾಗಿಸುವ ನೀರು ನಿಂತರೆ, ಅಥವಾ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದು ಸಾಲದಿದ್ದರೆ ಹೀಗಾಗುತ್ತದೆ.

ಒಂದೇ ಸಿಲಿಂಡರಿಗೆ ಹಾನಿ. ಇಂಧನಕ್ಕೆ ಎಣ್ಣೆ ಬೆರೆಸಲು ಮರೆತಿದ್ದರೆ ಎರಡೂ ಸಿಲಿಂಡರಿಗೆ ಪೆಟ್ಟು ಬೀಳಬೇಕಿತ್ತು. ಒಂದೇ ಕೆಟ್ಟಿದೆಯೆಂದರೆ ಆ ಬದಿಯ ಕ್ರ್ಯಾಂಕ್ ಆಯಿಲ್ ಸೀಲ್, ಗ್ಯಾಸ್ಕೆಟ್ ಅಥವಾ ರೀಡ್ ವಾಲ್ವ್ ಗಾಳಿ ಬಿಡುತ್ತಿರಬಹುದು. ಗಾಳಿ ಹೆಚ್ಚಾದರೆ ಇಂಧನವೂ ಅದರೊಂದಿಗೆ ಬರುವ ಎಣ್ಣೆಯೂ ಕಡಿಮೆಯಾಗುತ್ತವೆ. ಮೇಲಿನ ಸಿಲಿಂಡರಿಗೆ ಮಾತ್ರ ಶಾಖದ ಪೆಟ್ಟು ಬಿದ್ದಿದ್ದರೆ ನೀರಿನ ಪಂಪನ್ನು ಶಂಕಿಸಿ. ಪಂಪ್ ಸೋತಾಗ ನೀರು ಮೊದಲು ತಪ್ಪುವುದು ಮೇಲ್ಭಾಗಕ್ಕೆ.

ಪಿಸ್ಟನ್ನಿನ ತಲೆ ಕರಗಿ ತೂತು ಅಥವಾ ಅಂಚು ತಿಂದಂತೆ. ಇಂಧನ ಹೊತ್ತಲ್ಲದ ಹೊತ್ತಲ್ಲಿ ಸಿಡಿದಿದೆ. ಪೆಟ್ರೋಲಿಗಿಂತ ಸೀಮೆಎಣ್ಣೆಯ ಆಕ್ಟೇನ್ ಬಹಳ ಕಡಿಮೆ. ಅದಕ್ಕಾಗಿ ಸೀಮೆಎಣ್ಣೆ ಮೋಟರುಗಳ ಕಂಪ್ರೆಷನ್ನನ್ನು ಕಡಿಮೆ ಇಟ್ಟಿರುತ್ತಾರೆ. ಯಾರೋ ಪೆಟ್ರೋಲ್ ಮಾಡೆಲಿನ ಹೆಡ್ ತಂದು ಹಾಕಿದ್ದರೆ ಈ ಗತಿಯಾಗುತ್ತದೆ.

ಪಿಸ್ಟನ್ ಚೆನ್ನಾಗಿದ್ದೂ ಕ್ರ್ಯಾಂಕ್ ತಿರುಗದಿದ್ದರೆ ಬೇರಿಂಗ್ ತುಕ್ಕು ಹಿಡಿದಿದೆ ಅಥವಾ ಒಡೆದಿದೆ.

ಕಂಡದ್ದನ್ನು ಕಾಗದದ ಮೇಲೆ ಬರೆದಿಡಿ. ಜೋಡಣೆ ಮುಗಿಯುವ ಮೊದಲು ಆ ಒಂದೊಂದು ಸಾಲಿಗೂ ಪರಿಹಾರ ಆಗಿದೆಯೇ ನೋಡಬೇಕು.

ಅಳತೆ ಮತ್ತು ರೀಬೋರ್

ಸಿಲಿಂಡರ್ ಗೋಡೆಗೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಅಥವಾ ತುಕ್ಕಿನ ಗುಳಿ ಇದ್ದರೆ ರೀಬೋರ್ ಬೇಕು. ಗೀರಿಲ್ಲದಿದ್ದರೂ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಮೂರು ಮಟ್ಟದಲ್ಲಿ, ಪ್ರತಿ ಮಟ್ಟದಲ್ಲೂ ಎರಡು ದಿಕ್ಕಿಗೆ ಅಳೆಸಿ. ಸವೆತ 0.1 ಮಿ.ಮೀ. ಹತ್ತಿರಕ್ಕೆ ಬಂದಿದ್ದರೆ ಹೊಸ ರಿಂಗು ಹಾಕಿ ಪ್ರಯೋಜನವಿಲ್ಲ. ಬೋರ್ ಗೇಜ್ ನಿಮ್ಮಲ್ಲಿ ಇಲ್ಲದಿದ್ದರೆ ಎರಡು ಚಕ್ರದ ವಾಹನಗಳ ರೀಬೋರ್ ಮಾಡುವ ಅಂಗಡಿಯಲ್ಲಿ ಇರುತ್ತದೆ.

ಓವರ್‌ಸೈಜ್ ಪಿಸ್ಟನ್‌ಗಳು ಸಾಮಾನ್ಯವಾಗಿ 0.25 ಮತ್ತು 0.50 ಮಿ.ಮೀ. ಹೆಚ್ಚಿನ ಅಳತೆಯಲ್ಲಿ ಸಿಗುತ್ತವೆ. ಮೊದಲು ಪಿಸ್ಟನ್ ಕೊಂಡು, ಅದನ್ನು ಅಂಗಡಿಗೆ ಒಯ್ದು, ಆ ಪಿಸ್ಟನ್ನಿನ ಅಳತೆಗೆ ಬೋರ್ ಮಾಡಿಸಿ. ಈ ಕ್ರಮ ತಪ್ಪಬಾರದು. ನಡುವಿನ ಸಂದು ಇಂಥ ಚಿಕ್ಕ ಮೋಟರುಗಳಲ್ಲಿ 0.03ರಿಂದ 0.06 ಮಿ.ಮೀ. ಆಸುಪಾಸು ಇರುತ್ತದೆ. ಬೋರ್ ಆದ ಮೇಲೆ ಸಿಲಿಂಡರಿನ ಪೋರ್ಟುಗಳ ಅಂಚು ಚೂಪಾಗಿರುತ್ತದೆ. ಅದನ್ನು ನಯವಾಗಿ ಮುರಿಯುವಂತೆ ಹೇಳಿ. ಇಲ್ಲವಾದರೆ ರಿಂಗು ಸಿಕ್ಕಿ ತುಂಡಾಗುತ್ತದೆ.

ಪಿಸ್ಟನ್ನಿನ ಅಲ್ಯೂಮಿನಿಯಂ ಸಿಲಿಂಡರಿಗೆ ಮೆತ್ತಿಕೊಂಡಿದ್ದರೆ ಅದನ್ನು ಆ್ಯಸಿಡ್ಡಿನಿಂದ ತೆಗೆಯುವ ಪದ್ಧತಿಯುಂಟು. ಅದೇ ಆ್ಯಸಿಡ್ ಬ್ಲಾಕಿನ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ, ಕಣ್ಣಿಗೂ ಅಪಾಯ. ಹೊಸಬರು ಆ ಕೆಲಸವನ್ನು ಅಂಗಡಿಗೇ ಬಿಡುವುದು ಲೇಸು.

ಕ್ರ್ಯಾಂಕನ್ನು ಹೀಗೆ ಪರೀಕ್ಷಿಸಿ: ರಾಡನ್ನು ಅದರ ಉದ್ದಕ್ಕೆ ಎಳೆದು ತಳ್ಳಿದರೆ ಸ್ವಲ್ಪವೂ ಸಡಿಲ ಇರಬಾರದು. ಪಕ್ಕಕ್ಕೆ ಕೊಂಚ ಆಡುವುದು ಸಹಜ. ಬೇರಿಂಗ್ ತೊಳೆದು, ಒಂದು ಹನಿ ಎಣ್ಣೆ ಬಿಟ್ಟು ತಿರುಗಿಸಿದಾಗ ಕರಕರ ಎಂದರೆ ಬದಲಿಸಬೇಕು. ಹಲವು ಚಿಕ್ಕ ಮೋಟರುಗಳ ಕ್ರ್ಯಾಂಕ್ ಒತ್ತಿ ಕೂರಿಸಿದ ಹಲವು ತುಂಡುಗಳದ್ದು. ಅದನ್ನು ಪ್ರೆಸ್ಸಿನಲ್ಲಿ ಬಿಚ್ಚಿ, ಕೂರಿಸಿ, ನೇರ ಮಾಡುವುದು ಅನುಭವಿಗಳ ಕೆಲಸ.

ಹೆಡ್ಡನ್ನು ದಪ್ಪ ಗಾಜಿನ ಮೇಲೆ ಬೋರಲಿಟ್ಟು ಅಂಚಿಗೆ ಫೀಲರ್ ಗೇಜ್ ತೂರಿಸಿ. 0.1 ಮಿ.ಮೀ. ಎಲೆ ತೂರಿದರೆ ಹೆಡ್ ಸೊಟ್ಟಗಾಗಿದೆ, ಮಟ್ಟ ಮಾಡಿಸಬೇಕು.

ಜೋಡಣೆ

ರೀಬೋರ್ ಆಗಿ ಬಂದ ಬ್ಲಾಕನ್ನು ಬಿಸಿನೀರು, ಸೋಪು, ಬ್ರಷ್ ಹಿಡಿದು ತೊಳೆಯಿರಿ. ಬೋರ್ ಉಜ್ಜಿದ ಕಲ್ಲಿನ ಪುಡಿ ಪೆಟ್ರೋಲಿನಲ್ಲಿ ತೊಳೆದರೆ ಹೋಗುವುದಿಲ್ಲ. ಬಿಳಿ ಬಟ್ಟೆಯಿಂದ ಒರೆಸಿದಾಗ ಕಲೆ ಹತ್ತದಿದ್ದರೆ ಶುಚಿಯಾಗಿದೆ ಎಂದರ್ಥ. ಒಣಗಿದ ಕೂಡಲೇ ಎಣ್ಣೆ ಸವರಿ. ಕರಾವಳಿಯ ಹವೆಯಲ್ಲಿ ಬರಿಯ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಹೆಚ್ಚು ಹೊತ್ತು ಬೇಡ.

ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಬರಿಯ ಸಿಲಿಂಡರಿನೊಳಗೆ ಇಳಿಸಿ, ಪಿಸ್ಟನ್ನಿನ ತಲೆಯಿಂದ ಒತ್ತಿ ಮಟ್ಟ ಮಾಡಿ, ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಕಡಿಮೆ ಇದ್ದರೆ ಬಿಸಿಯಾದಾಗ ತುದಿಗಳು ಒಂದಕ್ಕೊಂದು ಒತ್ತಿ ಮತ್ತೆ ಜಾಮ್ ಆಗುತ್ತದೆ. ಟೂ-ಸ್ಟ್ರೋಕ್ ಪಿಸ್ಟನ್ನಿನ ರಿಂಗ್ ಕೂರುವ ತೋಡಿನಲ್ಲಿ ಸಣ್ಣ ಪಿನ್ ಇರುತ್ತದೆ. ರಿಂಗಿನ ಬಾಯಿ ಆ ಪಿನ್ನಿಗೇ ಕೂರಬೇಕು. ಪಿಸ್ಟನ್ನಿನ ತಲೆಯ ಮೇಲಿನ ಗುರುತು ಮ್ಯಾನ್ಯುಯಲ್ ಹೇಳಿದ ದಿಕ್ಕಿಗೇ ಇರಲಿ.

ಹಳೆಯದನ್ನು ಮತ್ತೆ ಬಳಸಲೇಬಾರದ ವಸ್ತುಗಳಿವು: ಪಿಸ್ಟನ್ ಪಿನ್ನಿನ ಸರ್ಕ್ಲಿಪ್, ಎಲ್ಲ ಗ್ಯಾಸ್ಕೆಟ್‌ಗಳು, ಕ್ರ್ಯಾಂಕಿನ ಮೇಲಿನ ಕೆಳಗಿನ ಆಯಿಲ್ ಸೀಲ್‌ಗಳು, ನೀರಿನ ಪಂಪಿನ ಇಂಪೆಲ್ಲರ್. ಸರ್ಕ್ಲಿಪ್ ಹಾಕಿದ ಮೇಲೆ ಅದರ ತೋಡಿನಲ್ಲಿ ಪೂರ್ತಿ ಕೂತಿದೆಯೇ ಎಂದು ತಿರುಗಿಸಿ ನೋಡಿ. ಅದು ಹಾರಿಬಂದರೆ ಹೊಸ ಸಿಲಿಂಡರ್ ಹಾಳು.

ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳ ನಡುವೆ ಹಲವು ಮೋಟರುಗಳಲ್ಲಿ ಗ್ಯಾಸ್ಕೆಟ್ ಇರುವುದಿಲ್ಲ, ತಯಾರಕರು ಹೇಳಿದ ಸೀಲಂಟ್ ಮಾತ್ರ. ತೆಳುವಾಗಿ ಹಚ್ಚಿ, ಹೆಚ್ಚಾದದ್ದು ಒಳಗೆ ಹಿಂಡಿ ಬೇರಿಂಗಿಗೆ ಸೇರುತ್ತದೆ. ಬೇರಿಂಗ್, ಪಿನ್, ಸಿಲಿಂಡರುಗಳಿಗೆಲ್ಲ ಟೂ-ಸ್ಟ್ರೋಕ್ ಆಯಿಲ್ ಧಾರಾಳವಾಗಿ ಹಾಕಿ.

ಬೋಲ್ಟುಗಳನ್ನು ಮಧ್ಯದಿಂದ ಹೊರಕ್ಕೆ, ಎದುರುಬದುರಾಗಿ, ಮೊದಲು ಅರ್ಧ ಬಿಗಿ, ಆಮೇಲೆ ಪೂರ್ತಿ ಬಿಗಿ ಹೀಗೆ ಎರಡು ಹಂತದಲ್ಲಿ ಬಿಗಿಯಿರಿ. ಎಷ್ಟು ಬಿಗಿ ಎಂಬುದಕ್ಕೆ ಟಾರ್ಕ್ ರೆಂಚ್ ಬೇಕೇ ಬೇಕು. ಮ್ಯಾನ್ಯುಯಲ್ ವಿಶೇಷವಾಗಿ ಏನೂ ಹೇಳದ ಕಡೆ 10 ಮಿ.ಮೀ. ಸ್ಪ್ಯಾನರ್ ಕೂರುವ ಬೋಲ್ಟಿಗೆ 8 ನ್ಯೂಟನ್ ಮೀಟರ್, 12 ಮಿ.ಮೀ. ಕೂರುವುದಕ್ಕೆ 18 ನ್ಯೂಟನ್ ಮೀಟರ್ ಆಸುಪಾಸು ಸಾಕು. ಕೈಬಲದ ಮೇಲೆ ಬಿಗಿದರೆ ಅಲ್ಯೂಮಿನಿಯಂ ಮರೆ ಕಿತ್ತುಬರುತ್ತದೆ. ಫ್ಲೈವೀಲ್ ಕೂರುವ ಕೋನಾಕಾರದ ಭಾಗಕ್ಕೆ ಮಾತ್ರ ಎಣ್ಣೆ, ಗ್ರೀಸ್ ಯಾವುದೂ ಬೇಡ. ಒರೆಸಿ ಒಣಗಿಸಿ ಕೂರಿಸಿ.

ನೀರಿನ ದಾರಿ, ಇಂಧನದ ದಾರಿ

ಶಾಖದಿಂದ ಜಾಮ್ ಆದ ಮೋಟರಿಗೆ ಇದೇ ಮುಖ್ಯ ಚಿಕಿತ್ಸೆ. ಗೇರ್‌ಕೇಸಿನ ಮೇಲಿರುವ ಪಂಪಿನ ರಬ್ಬರ್ ಇಂಪೆಲ್ಲರ್ ಬದಲಿಸಿ. ಹಳೆಯದರ ರೆಕ್ಕೆ ಮುರಿದಿದ್ದರೆ ಆ ತುಂಡುಗಳನ್ನು ಎಣಿಸಿ ಹುಡುಕಿ. ಸಿಗದ ತುಂಡು ಮೇಲಿನ ಕೊಳವೆಯಲ್ಲೋ ಥರ್ಮೋಸ್ಟಾಟಿನ ಬಳಿಯೋ ಅಡಗಿ, ಹೊಸ ಪಂಪಿನ ನೀರನ್ನೂ ತಡೆಯುತ್ತದೆ. ಎಂಜಿನ್ನಿನ ನೀರಿನ ಕೋಣೆಗಳಲ್ಲಿ ಕಟ್ಟಿದ ಉಪ್ಪನ್ನು ಕೆರೆದು, ಉಳಿದದ್ದನ್ನು ವಿನೆಗರಿನಲ್ಲಿ ನೆನೆಸಿ ಕರಗಿಸಿ. ಥರ್ಮೋಸ್ಟಾಟ್ ಇದ್ದರೆ ಬಿಸಿನೀರಿಗೆ ಹಾಕಿ ತೆರೆಯುತ್ತದೆಯೇ ನೋಡಿ. ಡ್ರೈವ್ ಶಾಫ್ಟಿನ ಹಲ್ಲುಗಳ ಬದಿಗೆ ಮೆರೈನ್ ಗ್ರೀಸ್ ಸವರಿ, ತುದಿಯ ಮೇಲ್ಮೈಗೆ ಮೆತ್ತಬೇಡಿ. ಸಿಕ್ಕಿಬಿದ್ದ ಗ್ರೀಸ್ ಶಾಫ್ಟನ್ನು ಪೂರ್ತಿ ಕೂರಲು ಬಿಡುವುದಿಲ್ಲ.

ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಸೀಲ್ ಬದಲಿಸಿ. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ತುಂಬಿ, ಮೇಲಿನ ತೂತಿನಿಂದ ಹೊರಬರುವವರೆಗೆ ಹಾಕಿ. ಆಗ ಒಳಗೆ ಗಾಳಿ ಉಳಿಯುವುದಿಲ್ಲ.

ಕಾರ್ಬುರೇಟರನ್ನು ಪೂರ್ತಿ ಬಿಚ್ಚಿ ಜೆಟ್‌ಗಳಲ್ಲಿ ಗಾಳಿ ಊದಿ; ತಂತಿ ತೂರಿಸಿದರೆ ತೂತು ದೊಡ್ಡದಾಗುತ್ತದೆ. ಹಳೆಯ ಇಂಧನ ಚೆಲ್ಲಿ. ನೀರಿನಿಂದ ತಂಪಾಗುವ ಮೋಟರಿಗೆಂದೇ ಮಾಡಿದ, ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಎಂದು ಬರೆದಿರುವ ಎಣ್ಣೆಯನ್ನೇ ಬಳಸಿ. ಹೊಸ ಪಿಸ್ಟನ್ ಪಳಗುವವರೆಗೆ ಅನೇಕ ತಯಾರಕರು ಹೇಳುವ ಪ್ರಮಾಣ 25:1, ಅಂದರೆ ಒಂದು ಲೀಟರಿಗೆ 40 ಮಿ.ಲೀ. ಆಮೇಲೆ 50:1, ಲೀಟರಿಗೆ 20 ಮಿ.ಲೀ. ಅಂದಾಜಿಗೆ ಸುರಿಯದೆ ಅಳತೆಯ ಲೋಟದಿಂದಲೇ ಹಾಕಿ.

ಮೊದಲ ಸ್ಟಾರ್ಟ್

ಹಗ್ಗ ಎಳೆಯುವ ಮೊದಲು ಪ್ಲಗ್ ತೆಗೆದು ಫ್ಲೈವೀಲನ್ನು ಕೈಯಿಂದ ಹಲವು ಸುತ್ತು ತಿರುಗಿಸಿ. ಎಲ್ಲೂ ಬಿಗಿ, ಟಕ್ ಎಂಬ ಸದ್ದು ಇರಬಾರದು. ನಂತರ ಥ್ರಾಟಲ್ ಪೂರ್ತಿ ತೆರೆದು ಎರಡೂ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ. ಸೀಮೆಎಣ್ಣೆ ಮೋಟರಿನಲ್ಲಿ ಅಂಕಿ ಕಡಿಮೆಯೇ ಬರುತ್ತದೆ. ಎರಡರ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರ ಇರಬಾರದು, ಅದು ಮುಖ್ಯ.

ದೊಡ್ಡ ಡ್ರಮ್ಮಿನಲ್ಲಿ ಸಿಹಿನೀರು ತುಂಬಿ, ಪ್ರೊಪೆಲ್ಲರ್ ತೆಗೆದು, ಅದರ ಮೇಲಿನ ಅಡ್ಡ ತಟ್ಟೆ ಮುಳುಗುವಷ್ಟು ಆಳಕ್ಕೆ ಮೋಟರ್ ನಿಲ್ಲಿಸಿ. ನೀರಿಲ್ಲದೆ ಒಂದು ಕ್ಷಣವೂ ಓಡಿಸಬೇಡಿ. ಒಣ ಇಂಪೆಲ್ಲರ್ ನೋಡುನೋಡುತ್ತಲೇ ಸುಟ್ಟುಹೋಗುತ್ತದೆ. ಹೊಗೆಯಲ್ಲಿ ವಿಷಾನಿಲ ಇರುವುದರಿಂದ ಈ ಕೆಲಸ ಬಯಲಿನಲ್ಲೇ ಆಗಲಿ. ಸ್ಟಾರ್ಟ್ ಆದ ಕೂಡಲೇ ನೋಡಬೇಕಾದದ್ದು ಹಿಂಬದಿಯ ಸಣ್ಣ ತೂತಿನಿಂದ ನೀರಿನ ಧಾರೆ ಬರುತ್ತಿದೆಯೇ ಎಂಬುದನ್ನು. ಬಾರದಿದ್ದರೆ ತಕ್ಷಣ ನಿಲ್ಲಿಸಿ. ಮೊದಲ ಸಲ ಬಿಸಿಯಾಗಿ ತಣ್ಣಗಾದ ಮೇಲೆ ಹೆಡ್ ಬೋಲ್ಟುಗಳ ಬಿಗಿ ಮತ್ತೆ ಪರೀಕ್ಷಿಸಿ.

ಮುಂದಿನ 10 ಗಂಟೆ ಪಳಗಿಸುವ ಕಾಲ. ಮೊದಲ ಗಂಟೆ ಅರ್ಧ ಥ್ರಾಟಲ್ ಮೀರಬೇಡಿ. ಎರಡನೇ ಗಂಟೆ ಮುಕ್ಕಾಲಿಗೆ ಏರಿಸಬಹುದು. ಉಳಿದ ಎಂಟು ಗಂಟೆಗಳಲ್ಲಿ ಪೂರ್ತಿ ಥ್ರಾಟಲ್‌ನಲ್ಲಿ ಒಮ್ಮೆಗೆ 5 ನಿಮಿಷಕ್ಕಿಂತ ಹೆಚ್ಚು ಬೇಡ. ಈ ಅವಧಿಯಲ್ಲಿ ದಡ ಕಾಣುವಷ್ಟು ದೂರದಲ್ಲೇ ಇರಿ, ಹುಟ್ಟು ಜೊತೆಗಿರಲಿ.

ಯಾವಾಗ ಕೈಬಿಡಬೇಕು?

ರಾಡ್ ಮುರಿದು ಬ್ಲಾಕ್ ತೂತಾಗಿದ್ದರೆ, ನೀರಿನ ಕೋಣೆಯ ಗೋಡೆಯನ್ನು ಉಪ್ಪು ತಿಂದು ಸಿಲಿಂಡರಿಗೆ ದಾರಿಯಾಗಿದ್ದರೆ, ಕೊನೆಯ ಓವರ್‌ಸೈಜೂ ಮುಗಿದಿದ್ದರೆ ಆ ಬ್ಲಾಕಿಗೆ ಹಣ ಸುರಿಯಬೇಡಿ. ಬಿಡಿಭಾಗ, ರೀಬೋರ್, ಕ್ರ್ಯಾಂಕ್ ಕೆಲಸ ಎಲ್ಲ ಕೂಡಿಸಿ ಪಟ್ಟಿ ಮಾಡಿ. ಅದು ಚೆನ್ನಾಗಿ ಓಡುತ್ತಿರುವ ಹಳೆಯ ಮೋಟರಿನ ಬೆಲೆಗೆ ಹತ್ತಿರವಾದರೆ, ನಿಮ್ಮದನ್ನು ಬಿಡಿಭಾಗಗಳಿಗಾಗಿ ಇಟ್ಟುಕೊಳ್ಳುವುದೇ ಜಾಣತನ.

ಮತ್ತೆ ಹಿಡಿಯದಿರಲಿ

ಕಡಲಿನಿಂದ ಬಂದ ದಿನ ಮೋಟರನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಕೆಲವು ನಿಮಿಷ ಓಡಿಸಿ. ಸೀಮೆಎಣ್ಣೆಯಲ್ಲಿ ಓಡುವ ಮೋಟರನ್ನು ನಿಲ್ಲಿಸುವ ಮೊದಲು ಪೆಟ್ರೋಲಿಗೆ ತಿರುಗಿಸಿ, ಕಾರ್ಬುರೇಟರಿನಲ್ಲಿದ್ದ ಸೀಮೆಎಣ್ಣೆ ಮುಗಿಯಲಿ. ಮಳೆಗಾಲಕ್ಕೆ ಎತ್ತಿಡುವಾಗ ಪ್ಲಗ್ ತೂತಿನಿಂದ ಪ್ರತಿ ಸಿಲಿಂಡರಿಗೂ ಟೂ-ಸ್ಟ್ರೋಕ್ ಆಯಿಲ್ ಹಾಕಿ ಕೈಯಿಂದ ತಿರುಗಿಸಿ. ಆಮೇಲೆ ಹದಿನೈದು ದಿನಕ್ಕೊಮ್ಮೆ ಗಡಿಯಾರದ ದಿಕ್ಕಿಗೆ ಎರಡು ಸುತ್ತು ತಿರುಗಿಸುತ್ತಿರಿ. ಮೋಟರ್ ನೆಟ್ಟಗೆ ನಿಂತಿರಲಿ, ಒಳಗಿನ ನೀರು ಬಸಿದುಹೋಗಲಿ. ಇಂಪೆಲ್ಲರನ್ನು ವರ್ಷಕ್ಕೊಮ್ಮೆ ಬದಲಿಸಿ. ತುಕ್ಕು ತಡೆಯಲು ಹಾಕಿರುವ ಸತುವಿನ ತುಂಡಿಗೆ ಬಣ್ಣ ಬಳಿಯಬೇಡಿ, ಬಳಿದರೆ ಅದು ಕೆಲಸ ಮಾಡದು.

ಅಳಿವೆ ದಾಟುವಾಗ ದೋಣಿ ಮಗುಚಿ ಮೋಟರ್ ನೀರಿಗೆ ಬಿದ್ದರೆ ಗಂಟೆಗಳ ಲೆಕ್ಕದಲ್ಲಿ ಕೆಲಸ ಮಾಡಬೇಕು. ಮರಳು ಹೊಕ್ಕಿದೆಯೆಂದು ಅನಿಸಿದರೆ ತಿರುಗಿಸಲೇಬೇಡಿ, ಬಿಚ್ಚಿ ತೊಳೆಯಿರಿ. ಮರಳಿಲ್ಲದಿದ್ದರೆ ಸಿಹಿನೀರಿನಲ್ಲಿ ತೊಳೆದು, ಪ್ಲಗ್ ತೆಗೆದು ಮಲಗಿಸಿ ನೀರು ಹೊರಹಾಕಿ, ಎಣ್ಣೆ ಹಾಕಿ ತಿರುಗಿಸಿ, ಕಾರ್ಬುರೇಟರ್ ಶುಚಿ ಮಾಡಿ ಅದೇ ದಿನ ಓಡಿಸಿ. ಅದು ಸಾಧ್ಯವಿಲ್ಲದಿದ್ದರೆ ಮೋಟರನ್ನು ಸಿಹಿನೀರಿನಲ್ಲೇ ಮುಳುಗಿಸಿಡಿ. ಗಾಳಿ ತಾಗಿದ ಮೇಲೆಯೇ ತುಕ್ಕಿನ ವೇಗ ಹೆಚ್ಚುವುದು.

ಮೊದಲ ಮೋಟರಿಗೆ ಹೆಚ್ಚು ಸಮಯ ಹಿಡಿಯುತ್ತದೆ. ಹಿಡಿಯಲಿ. ನಿಮ್ಮೂರಿನ ಬಂದರಿನಲ್ಲಿ ವರ್ಷಗಟ್ಟಲೆ ಈ ಕೆಲಸ ಮಾಡಿದ ಮೆಕ್ಯಾನಿಕ್ ಇದ್ದರೆ ಅವರ ಬಳಿ ಕೂತು ನೋಡಿ, ಕೇಳಿ ಕಲಿಯಿರಿ. ಅವರು ಸದ್ದಿನಲ್ಲೇ ಗುರುತಿಸುವ ಎಷ್ಟೋ ಸಂಗತಿ ಮ್ಯಾನ್ಯುಯಲ್ಲಿನಲ್ಲಿ ಸಿಗುವುದಿಲ್ಲ. ಕಡಲಲ್ಲಿ ಮೋಟರ್ ನಿಂತರೆ ಅಪಾಯ ಇರುವುದು ದೋಣಿಯಲ್ಲಿರುವ ಜೀವಗಳಿಗೆ. ಆದ್ದರಿಂದ, ಕಾರಣ ಗೊತ್ತಾಗದೆ ಬಿಡಿಸಿದ ಮೋಟರನ್ನು ಕಟ್ಟಿಕೊಂಡು ಆಳದ ನೀರಿಗೆ ಹೋಗಬೇಡಿ.